ಬೇಡ ಅಂದದ್ದಕ್ಕೆ ಒಂದು ಸ್ಟಾರ್

ನಮ್ಮ ಜೋರ್ಡಾನ್ ಟೂರಿನ ವಾಟ್ಸಾಪ್ ಗ್ರೂಪ್ ಇನ್ನೂ ಉಂಟು. ಊರಿಗೆ ಬಂದ ಮೇಲೆ ಅದರಲ್ಲಿ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಬಂತು ನೋಡಿ: “ಆ ಗೈಡಿಗೆ ನಾವೆಲ್ಲ ಸೇರಿ ಒಂದೊಂದು ಸ್ಟಾರ್ ಕೊಡುವ. ಲಿಂಕ್ ಕೆಳಗೆ ಹಾಕಿದ್ದೇನೆ.” ಅದರ ಕೆಳಗೆ ಸಾಲಾಗಿ ಹೆಬ್ಬೆರಳು. ಡಾಕ್ಟರದ್ದೂ ಉಂಟು, ರಿಟೈರ್ಡ್ ಹೆಡ್‌ಮಾಸ್ಟರದ್ದೂ ಉಂಟು. ನನಗೆ ಮಂಡೆ ಬಿಸಿಯಾಯಿತು ಮಾರಾಯ್ರೆ. ಗ್ರೂಪಿನಲ್ಲಿ ಬರೆದರೆ ಜಗಳ ಆಗುತ್ತದೆ. ಹಾಗಾಗಿ ಇಲ್ಲಿ ಬರೆಯುತ್ತೇನೆ. ಅವರಲ್ಲಿ ಅರ್ಧ ಜನ ಇಲ್ಲೂ ಇದ್ದಾರೆ, ಗೊತ್ತು. ಓದಲಿ.

ಆ ಹುಡುಗ ಮಾಡಿದ ಅಪರಾಧ ಏನು? ಕಮರಿಯ ಒಳಗೆ ಅರ್ಧ ದಾರಿಯಲ್ಲಿ “ಸಾಕು, ವಾಪಸ್ ಹೋಗುವ” ಎಂದದ್ದು. ಅಷ್ಟೇ. ಕದ್ದಿಲ್ಲ, ಬೈದಿಲ್ಲ, ಯಾರನ್ನೂ ಬೀಳಿಸಿಲ್ಲ. ಬೇಡ ಎಂದ. ಅದಕ್ಕೆ ಇಷ್ಟು ಬೊಬ್ಬೆ.

ನಾವು ಹೋದದ್ದು ಹೇಗೆ ಎಂದು ನಿಮಗೆ ಗೊತ್ತೇ ಇದೆ. ನೆರೆಮನೆಯವರ ಚರ್ಚಿನ ಹೋಲಿ ಲ್ಯಾಂಡ್ ಟೂರಿನಲ್ಲಿ ಎರಡು ಸೀಟ್ ಖಾಲಿ ಇತ್ತು, ನಾನೂ ಇವರೂ ಸೇರಿಕೊಂಡೆವು. ನೆಬೋ ಬೆಟ್ಟ, ಪೆಟ್ರಾ, ಮಡಾಬಾದ ಚರ್ಚಿನ ನೆಲದ ಮೇಲೆ 6ನೇ ಶತಮಾನದಲ್ಲಿ ಬಣ್ಣಬಣ್ಣದ ಕಲ್ಲು ಕೂರಿಸಿ ಮಾಡಿದ ನಕ್ಷೆ, ಅದೆಲ್ಲದರ ಫೋಟೋ ನೋಡಿ ನಿಮಗೆ ಸಾಕಾಗಿರಬಹುದು. ಕೊನೆಗೆ ಡೆಡ್ ಸೀ ದಡದಲ್ಲಿ ಒಂದು ದಿನ ಬಿಡುವು. ಬೇಕಾದವರು ಪ್ರತ್ಯೇಕ ಹಣ ಕೊಟ್ಟು ಝರ್ಕಾ ಮಾಯಿನ್ ಕಮರಿಯೊಳಗೆ ನಡೆಯಬಹುದು, ಬಿಸಿನೀರಿನ ಗುಂಡಿಗಳಲ್ಲಿ ಕೂರಬಹುದು, ಗೈಡ್ ಬರುತ್ತಾನೆ. “ಪ್ರತ್ಯೇಕ ಹಣ” ಎನ್ನುವುದನ್ನು ನೆನಪಿಡಿ. ಎಲ್ಲ ತಕರಾರು ಶುರುವಾಗುವುದು ಅಲ್ಲಿಂದಲೇ.

ಬೆಳಿಗ್ಗೆ ಬೇಗ ಹೊರಟೆವು. ಕಾಲಿಗೆ ರಬ್ಬರ್ ಶೂ, ಮೇಲೆ ಲೈಫ್ ಜಾಕೆಟ್. ಜಾಕೆಟಿನಲ್ಲಿ ಇವರು ಉಸಿರು ಬಿಗಿಹಿಡಿದು ತೆಗೆಸಿಕೊಂಡ ಫೋಟೋ ನಾನು ಹಾಕುವುದಿಲ್ಲ, ಸಂಸಾರ ನಡೆಯಬೇಕಲ್ಲ. ಎರಡೂ ಕಡೆ ಕೆಂಪು ಮರಳುಗಲ್ಲಿನ ಗೋಡೆ, ಕೆಳಗೆ ಮೊಣಕಾಲುದ್ದ ನೀರು, ಆ ನೀರಿನಲ್ಲೇ ನಡೆಯುವುದು. ಬಿಸಿನೀರು ಎಂದರೆ ಎಲ್ಲೋ ಒಂದು ಕಡೆ ಕೊತಕೊತ ಕುದಿಯುತ್ತಿರುತ್ತದೆ ಎಂದು ನಾನು ಎಣಿಸಿದ್ದೆ. ಹಾಗಲ್ಲ. ಗೋಡೆಯ ಬಿರುಕಿನಿಂದ ಸುಮ್ನೆ ಒಸರುತ್ತದೆ. ಒಸರಿದ ಕಡೆ ಬಂಡೆಯ ಮೇಲೆ ತುಕ್ಕು ಬಣ್ಣದ ಪಟ್ಟಿ, ಅದರ ಅಂಚಿಗೆ ಜಾರುವ ಹಸಿರು ಪಾಚಿ. ಕೆಳಗೆ ನಾಲ್ಕೈದು ಜನ ಕೂರುವಷ್ಟು ಗುಂಡಿ. ಮೊಟ್ಟೆ ಬೇಯಿಸಿದ ವಾಸನೆ. ಒಂದು ಕಾಲು ಗುಂಡಿಯಲ್ಲಿ ಇಟ್ಟರೆ ಬಿಸಿ, ಇನ್ನೊಂದು ತೊರೆಯಲ್ಲಿ ಇಟ್ಟರೆ ತಂಪು. ಪ್ರತಿ ಗುಂಡಿಗೂ ಮೊದಲು ಅವನು ಕೈ ಅದ್ದಿ ನೋಡುತ್ತಿದ್ದ, ಆಮೇಲೆ ನಮ್ಮನ್ನು ಬಿಡುತ್ತಿದ್ದ. ಮೇಲ್ಗಡೆ ಮಾಯಿನ್‌ನಲ್ಲಿ ಕೆಲವು ಊಟೆಗಳ ನೀರು 63 ಡಿಗ್ರಿವರೆಗೆ ಇರುತ್ತದಂತೆ. ಸುಮ್ನೆ ಕಾಲು ಹಾಕಿದರೆ ಚರ್ಮ ಬಿಟ್ಟು ಬರಬೇಕಾದೀತು.

“ಇಷ್ಟೇನಾ? ನಮ್ಮ ಇರ್ದೆಯ ಬೆಂದ್ರ್ ತೀರ್ಥದಲ್ಲೂ ಉಂಟಲ್ಲ ಬಿಸಿನೀರು” ಎಂದರು ಪುತ್ತೂರಿನವರೊಬ್ಬರು. ಹೌದು, ಉಂಟು. ಸೀರೆ ಹೊಳೆಯ ಬದಿಯಲ್ಲೇ ಉಂಟು. ನೀವು ಕೊನೆಗೆ ಅಲ್ಲಿಗೆ ಹೋದದ್ದು ಯಾವಾಗ ಎಂದು ಕೇಳಿದೆ. ಸುಮ್ಮನಾದರು.

ಗೈಡ್ ಹುಡುಗ ಸುಮ್ನೆ ದಾರಿ ತೋರಿಸುವವನಲ್ಲ, ವಿಷಯ ಗೊತ್ತಿದ್ದವನು. ಇಲ್ಲಿ ನೀರು ಬಿಸಿಯಾಗುವುದು ಹೇಗೆ ಎಂದು ಚಂದ ಹೇಳಿದ. ಮೇಲೆ ಮಡಾಬಾ ಕಡೆಯ ಗುಡ್ಡದ ಮೇಲೆ ಬಿದ್ದ ಮಳೆ ಕಲ್ಲಿನ ಪದರಗಳ ಮೂಲಕ ತುಂಬ ಆಳಕ್ಕೆ ಇಳಿಯುತ್ತದೆ. ಆಳಕ್ಕೆ ಹೋದ ಹಾಗೆ ಭೂಮಿ ಬಿಸಿ. ಅಲ್ಲಿ ಕಾದು, ಡೆಡ್ ಸೀ ಉದ್ದಕ್ಕೂ ನೆಲ ಸೀಳಿರುವ ಬಿರುಕುಗಳ ಮೂಲಕ ಮತ್ತೆ ಮೇಲೆ ಬರುತ್ತದೆ. ಹೆರೋದ್ ರಾಜ ಸಾಯುವ ಮೊದಲು ಮೈಗೆ ಗುಣವಾಗಲಿ ಎಂದು ಬಂದು ಮಿಂದದ್ದು ಇಲ್ಲೇ ಹತ್ತಿರ, ಕಲ್ಲಿರೋಯಿ ಎಂಬಲ್ಲಿ. ಗುಣ ಆಗಲಿಲ್ಲ, ಅದು ಬೇರೆ. ಮಡಾಬಾದ ಆ ನಕ್ಷೆಯಲ್ಲೂ ಈ ಬಿಸಿನೀರಿನ ಜಾಗ ಉಂಟಂತೆ. ನಾವು ಅದರ ಎದುರೇ ನಿಂತು ಸೆಲ್ಫಿ ತೆಗೆದವರು, ನೋಡಿರಲಿಲ್ಲ.

ಕಮರಿ ಕಿರಿದಾಗುವ ಒಂದು ಕಡೆ ಅವನು ನಿಂತ. ಮೇಲೆ ಕೈ ತೋರಿಸಿದ. ಬಂಡೆಯ ಸೀಳಿನಲ್ಲಿ ಒಣಕಡ್ಡಿ, ಜೊಂಡು, ನೀಲಿ ಪ್ಲಾಸ್ಟಿಕ್ ಚೀಲದ ಒಂದು ಹರಕು ಸಿಕ್ಕಿಕೊಂಡಿತ್ತು. ನನ್ನ ತಲೆಗಿಂತ ಒಂದಾಳು ಎತ್ತರದಲ್ಲಿ. “ಅಷ್ಟು ಮೇಲೆ ಅದನ್ನು ಯಾರು ಇಟ್ಟರು?” ಎಂದು ಹಿಂದಿನವರು ಕೇಳಿದರು. “ನೀರು” ಎಂದ.

ಅದಾಗಿ ಸ್ವಲ್ಪ ಹೊತ್ತಿಗೆ ಅವನು ಮಾತು ಕಡಿಮೆ ಮಾಡಿದ. ಬಗ್ಗಿ ನೀರು ನೋಡುವುದು, ತಲೆ ಎತ್ತಿ ಗೋಡೆಗಳ ನಡುವೆ ಕಾಣುವ ಆಕಾಶದ ಪಟ್ಟಿ ನೋಡುವುದು. ನಮ್ಮ ಮೇಲೆ ನೀಲಿ ಆಕಾಶ. ಪೂರ್ವದ ಕಡೆ ಮಾತ್ರ ಸ್ವಲ್ಪ ಕಪ್ಪು. ನೀರು ಮೊದಲಿಗಿಂತ ಒಂದಿಷ್ಟು ಮಬ್ಬಾಗಿತ್ತು. ಅಷ್ಟೇ. “ಇವತ್ತಿಗೆ ಇಷ್ಟೇ. ತಿರುಗಿ.” ದೊಡ್ಡ ಜಲಪಾತಕ್ಕೆ ಇನ್ನೂ ದಾರಿ ಇತ್ತು.

ಆಮೇಲೆ ಆದ ಪಂಚಾತಿಕೆ ಕೇಳಬೇಡಿ. ಇನ್ನು ಹತ್ತು ನಿಮಿಷ, ದಮ್ಮಯ್ಯ ಎಂದರು. ನಾವು ಹಣ ಕೊಟ್ಟಿದ್ದೇವೆ ಎಂದರು. ನಿನ್ನ ಬಾಸಿನ ನಂಬರ್ ಕೊಡು ಎಂದರು. ಅವನು ಯಾರಿಗೂ ಉತ್ತರ ಕೊಡಲಿಲ್ಲ, ಎಲ್ಲರಿಗಿಂತ ಹಿರಿಯರಾದ ಅಂಕಲ್‌ನ ಕೈ ಹಿಡಿದು ಇಳಿಸಲು ಶುರು ಮಾಡಿದ. ಇವತ್ತು ಆ ಲಿಂಕ್ ಹಾಕಿದ್ದು ಯಾರು ಹೇಳಿ? ಅದೇ ಅಂಕಲ್.

ನೆರೆ ಬಂತಾ? ಬರಲಿಲ್ಲ. ನಾವು ಹೆದ್ದಾರಿಗೆ ಬಂದು ಬಟ್ಟೆ ಬದಲಿಸಿ, ಬಿಸಿಲಲ್ಲಿ ಕಿತ್ತಳೆ ಸುಲಿದು ತಿಂದೆವು. ತೊರೆ ಬೆಳಿಗ್ಗೆ ಇದ್ದ ಹಾಗೆಯೇ ಹರಿಯುತ್ತಿತ್ತು. ಗ್ರೂಪಿನವರ ಎಲ್ಲ ಸಿಟ್ಟು ಇದರ ಮೇಲೆಯೇ ನಿಂತಿರುವುದು. “ನೋಡಿ, ಏನೂ ಆಗಲಿಲ್ಲ. ಸುಮ್ನೆ ಹೆದರಿಸಿ ಅರ್ಧ ದಿನದಲ್ಲಿ ಕೆಲಸ ಮುಗಿಸಿದ.”

ಏನೂ ಆಗಲಿಲ್ಲ ಎನ್ನುವುದು ದೂರು! ನೆರೆ ಬಂದು ನಾಲ್ಕು ಜನ ಹೋಗಿದ್ದರೆ, ವಾಪಸ್ ಕರೆತಂದ ಗೈಡ್ ದೇವರಾಗುತ್ತಿದ್ದ, ಇವರೇ ಶಾಲು ಹೊದೆಸುತ್ತಿದ್ದರು. ಬರಲಿಲ್ಲವಾದ್ದರಿಂದ ಮೋಸಗಾರ. ಇಂಥವನು ತನ್ನ ಮಾತು ಸರಿ ಎಂದು ಯಾವತ್ತಾದರೂ ತೋರಿಸಿಕೊಡಲಿಕ್ಕೆ ಸಾಧ್ಯವಾ?

ನಾನು ಬ್ಯಾಂಕಿನಲ್ಲಿ ಸಾಲದ ಡೆಸ್ಕಿನಲ್ಲಿ ಕೂತು ಕೂದಲು ಹಣ್ಣು ಮಾಡಿಕೊಂಡವಳು. ಕೊಟ್ಟ ಸಾಲ ಮುಳುಗಿದರೆ ಎಲ್ಲರಿಗೂ ಕಾಣುತ್ತದೆ, ಮೆಮೊ ಬರುತ್ತದೆ. ಕೊಡದ ಸಾಲ ಮುಳುಗುತ್ತಿತ್ತು ಎಂದು ತೋರಿಸಲು ಯಾವ ಲೆಡ್ಜರಿನಲ್ಲೂ ಕಾಲಂ ಇಲ್ಲ. ಬೇಡ ಎಂದವಳಿಗೆ ಸಿಗುವುದು ಮದುವೆ ಮನೆಯಲ್ಲಿ ಮುಖ ತಿರುಗಿಸುವ ನೆಂಟರು ಮಾತ್ರ. ಹಾಗಾಗಿ ಆ ಹುಡುಗನ ಮುಖ ನನಗೆ ಬೇರೆಯವರಿಗಿಂತ ಸ್ವಲ್ಪ ಬೇಗ ಅರ್ಥವಾಯಿತೋ ಏನೋ.

ಮೇಲೆ ನೀಲಿ ಆಕಾಶ ಇತ್ತಲ್ಲ ಎನ್ನುತ್ತಾರೆ ಡಾಕ್ಟರು. ಓದಿದವರು, ಉತ್ತರ ಕೊಡಬೇಕು. ಮಡಾಬಾ ಸಮುದ್ರಮಟ್ಟಕ್ಕಿಂತ ಸುಮಾರು 800 ಮೀಟರ್ ಮೇಲೆ. ಡೆಡ್ ಸೀ ಸಮುದ್ರಮಟ್ಟಕ್ಕಿಂತ 430 ಮೀಟರಿಗೂ ಜಾಸ್ತಿ ಕೆಳಗೆ. ನಡುವಿನ ದೂರ ನಮಗೆ ಮಂಗಳೂರಿಂದ ಬಿ.ಸಿ. ರೋಡಿಗೆ ಹೋದಷ್ಟು. ಅಷ್ಟರೊಳಗೆ ನೀರು ಅಷ್ಟೆಲ್ಲ ಇಳಿಯಬೇಕು. ಅಲ್ಲಿ ನಮ್ಮ ಹಾಗೆ ಕಾಡಿಲ್ಲ, ತೋಟವಿಲ್ಲ, ನೀರು ಹಿಡಿದಿಡುವ ಮಣ್ಣಿಲ್ಲ. ಡೆಡ್ ಸೀ ದಡದಲ್ಲಿ ವರ್ಷಕ್ಕೆ 100 ಮಿಲಿಮೀಟರ್ ಮಳೆಯೂ ಬರುವುದಿಲ್ಲ, ನಮ್ಮಲ್ಲಿ ಜುಲೈಯಲ್ಲಿ ಒಂದೇ ದಿನ ಅಷ್ಟು ಸುರಿದದ್ದುಂಟು. ಒಣಗಿ ಗಟ್ಟಿಯಾದ ನೆಲ, ಬೋಳು ಕಲ್ಲು. ಮೇಲೆ ಒಂದು ಗಂಟೆ ಜೋರು ಮಳೆ ಬಂದರೆ ಎಲ್ಲ ನೀರೂ ಕಮರಿಗೆ. ಒಳಗಿದ್ದವರ ತಲೆ ಮೇಲೆ ಹನಿ ಬೀಳಬೇಕೆಂದೇ ಇಲ್ಲ. 1997ರ ಆಗಸ್ಟಿನಲ್ಲಿ ಅಮೆರಿಕದ ಆಂಟಿಲೋಪ್ ಕ್ಯಾನ್ಯನ್‌ನಲ್ಲಿ 11 ಪ್ರವಾಸಿಗರು ಸತ್ತದ್ದು ಹೀಗೆಯೇ. ಮಳೆ ಬಂದದ್ದು ಮೈಲುಗಟ್ಟಲೆ ಆಚೆ. ನಮ್ಮ ಬಳಗ ರೀಲ್ ಮಾಡಿದ ಪೆಟ್ರಾದ ಸೀಳು ದಾರಿ ಉಂಟಲ್ಲ, ಅಲ್ಲೂ 1963ರಲ್ಲಿ ನೆರೆ ನುಗ್ಗಿ ಇಪ್ಪತ್ತಕ್ಕೂ ಜಾಸ್ತಿ ಜನ ಹೋದರು, ಹೆಚ್ಚಿನವರು ಫ್ರೆಂಚ್ ಪ್ರವಾಸಿಗರು.

ಅಷ್ಟು ದೂರ ಯಾಕೆ? ನಾವು ನಡೆದ ಝರ್ಕಾ ಮಾಯಿನ್‌ನಲ್ಲೇ, 2018ರ ಅಕ್ಟೋಬರ್ 25ರಂದು, ಶಾಲೆಯ ಮಕ್ಕಳ ಪ್ರವಾಸ ಬಂದಿತ್ತು. ಮಧ್ಯಾಹ್ನ ನೆರೆ ಬಂತು. 21 ಜನ ಸತ್ತರು. ಹೆಚ್ಚಿನವರು ಮಕ್ಕಳು. ವಾರ ಕಳೆಯುವಷ್ಟರಲ್ಲಿ ಆ ದೇಶದ ಪ್ರವಾಸೋದ್ಯಮ ಸಚಿವೆ, ಶಿಕ್ಷಣ ಸಚಿವ ಇಬ್ಬರೂ ರಾಜೀನಾಮೆ ಕೊಟ್ಟರು. ನಾವು ಹೋದದ್ದು ಕೂಡ ಅಕ್ಟೋಬರ್ ಕೊನೆಗೆ. ಆ ಹುಡುಗ ಇದನ್ನು ನಮಗೆ ಬೆಳಿಗ್ಗೆ ಬಸ್ಸಿನಲ್ಲೇ ಹೇಳಿದ್ದ. ಹೇಳುವಾಗ ಹಿಂದಿನ ಸೀಟಿನಲ್ಲಿ ಅಂತ್ಯಾಕ್ಷರಿ ನಡೆಯುತ್ತಿತ್ತು.

ಗೈಡುಗಳಲ್ಲಿ ಸೋಮಾರಿಗಳು ಇಲ್ಲವಾ ಎಂದು ಕೇಳಬಹುದು. ಇದ್ದಾರೆ. ಬೇಗ ಮುಗಿಸಿ ಮನೆಗೆ ಓಡುವವರು, ಅಂಗಡಿಗೆ ಕರೆದುಕೊಂಡು ಹೋಗಿ ಕಮಿಷನ್ ಹೊಡೆಯುವವರು, ಎಲ್ಲರನ್ನೂ ನೋಡಿದ್ದೇನೆ. ಆದರೆ ಸೋಮಾರಿಗೆ ಸುಲಭ ಯಾವುದು ಹೇಳಿ. ಹಣ ಕೊಟ್ಟವರ ಎದುರು ನಿಂತು ಬೇಡ ಎನ್ನುವುದಾ? ಸೋಮಾರಿ “ಹೋಗಿ ಬನ್ನಿ, ನಾನು ಇಲ್ಲೇ ಇರುತ್ತೇನೆ” ಎಂದು ನೆರಳಲ್ಲಿ ಕೂರುತ್ತಾನೆ. ಇವನು ಅರ್ಧ ಹಣ ವಾಪಸ್ ಕೊಡಿಸುತ್ತೇನೆ ಎಂದ, ಟಿಪ್ಸಿನ ಆಸೆಯನ್ನೂ ಬಿಟ್ಟ. ಬಿಡಲೇಬೇಕಾಯಿತು, ಯಾರೂ ಕೊಡಲಿಲ್ಲ. ನಾನು ಕೊಟ್ಟೆ. ಇವರು ಕಣ್ಣು ಬಿಟ್ಟು ನೋಡಿದರು.

ನನಗೆ ಜಾಸ್ತಿ ಬೇಜಾರಾದದ್ದು ಇವರು ನಮ್ಮ ಊರಿನವರು ಎಂದು. ಮರುಭೂಮಿಯವರಿಗೆ ಹೇಳಿಕೊಡಬೇಕಾದ ವಿಷಯವಾ ಇದು? ಘಟ್ಟದಲ್ಲಿ ಮಳೆ ಬಂದರೆ ನಮ್ಮ ಹೊಳೆ ಕೆಂಪಾಗುತ್ತದೆ, ಇದು ಇಲ್ಲಿನ ಸಣ್ಣ ಮಕ್ಕಳಿಗೂ ಗೊತ್ತು. ಸುಬ್ರಹ್ಮಣ್ಯದಲ್ಲಿ ಕುಮಾರಧಾರೆಯ ಸ್ನಾನಘಟ್ಟ ಮುಳುಗುವಾಗ ಅಲ್ಲೇ ಮಳೆ ಸುರಿಯುತ್ತಿರಬೇಕೆಂದಿಲ್ಲ. ನನ್ನ ತವರು ಬೆಳ್ತಂಗಡಿ ಕಡೆ. 2019ರ ಆಗಸ್ಟ್ 9ರಂದು ಚಾರ್ಮಾಡಿಯ ಕೆಳಗೆ ಮೃತ್ಯುಂಜಯ ಹೊಳೆ ಏನು ಮಾಡಿತು ಎಂದು ನಾನು ಇಲ್ಲಿ ಯಾವತ್ತೂ ಬರೆದಿಲ್ಲ. ಬರೆಯಲು ಆಗಲಿಲ್ಲ. ನೀರು ಬಂದದ್ದಲ್ಲ, ಮರದ ದಿಮ್ಮಿಗಳು ಬಂದವು. ತೋಟದ ಕೆಳಗಿನ ಕಟ್ಟದ ಹತ್ತಿರ ಅಣ್ಣ ನಿಂತಿದ್ದ. ಪಕ್ಕದ ತೋಟದ ಹಿರಿಯರು “ಮೇಲೆ ಬಾ” ಎಂದು ಬೊಬ್ಬೆ ಹೊಡೆದರು. ಎಂತದು, ಎಷ್ಟು ನೀರು, ನೋಡುವ ಎಂದು ಅವನೂ ಹತ್ತು ನಿಮಿಷ ಕೇಳಿದ್ದರೆ ಇವತ್ತು ಅವನ ಫೋಟೋಕ್ಕೆ ಹಾರ ಇರುತ್ತಿತ್ತು. ಅವನು ವಾದ ಮಾಡದೆ ಹತ್ತಿ ಬಂದ. ಆ ಹಿರಿಯರು ಹಣ ತೆಗೆದುಕೊಂಡವರಲ್ಲ, ಹಾಗಾಗಿ ಅವರ ಮಾತಿಗೆ ಬೆಲೆ ಇತ್ತೋ ಏನೋ!

ಹಣ ಕೊಟ್ಟ ಕೂಡಲೇ ನಮಗೆ ಏನೋ ಆಗುತ್ತದೆ. ಗೈಡಿಗೆ ಹಣ ಕೊಡುವುದು ಅವನಿಗೆ ಗೊತ್ತಿರುವುದು ನಮಗೆ ಗೊತ್ತಿಲ್ಲ ಎಂಬ ಕಾರಣಕ್ಕೆ. ಆದರೆ ಕೊಟ್ಟ ಮರುಕ್ಷಣ ಅವನಿಗಿಂತ ನಮಗೇ ಜಾಸ್ತಿ ಗೊತ್ತು. ಅವನು ಹೌದು ಎಂದರೆ ಮಾತ್ರ ಕೆಲಸ ಮಾಡಿದ ಲೆಕ್ಕ. ಮುಜಿಬ್ ಎಂಬ ಇನ್ನೊಂದು ಕಮರಿ ಅಲ್ಲೇ ಹತ್ತಿರ ಉಂಟು. ಅದರ ನೀರಿನ ದಾರಿಯನ್ನು ಚಳಿಗಾಲದ ಮಳೆ ತಿಂಗಳುಗಳಲ್ಲಿ ಮುಚ್ಚಿಯೇ ಬಿಡುತ್ತಾರೆ. ಗೇಟಿಗೆ ಬೀಗ ಇದ್ದರೆ ನಮ್ಮವರು ಸುಮ್ಮನೆ ತಿರುಗುತ್ತಾರೆ. ಮನುಷ್ಯ ಬಾಯಿಬಿಟ್ಟು ಹೇಳಿದರೆ ಮಾತ್ರ ಒಂದು ಸ್ಟಾರ್.

ಇಲ್ಲಿ ಆದರೋ ಬೀಗಕ್ಕೂ ಬೆಲೆ ಇಲ್ಲ. 2023ರ ಜುಲೈಯಲ್ಲಿ ಕೊಲ್ಲೂರಿನ ಹತ್ತಿರ ಅರಸಿನಗುಂಡಿಯಲ್ಲಿ ಬಂಡೆ ತುದಿಯಲ್ಲಿ ನಿಂತ ಹುಡುಗ ಜಾರಿ ಹೋದ ವಿಡಿಯೋ ನಾವೆಲ್ಲ ನೋಡಿದೆವು, ಫಾರ್ವರ್ಡ್ ಕೂಡ ಮಾಡಿದೆವು. ನೋಡಿದ ವಾರವೇ ಬೇರೆ ಫಾಲ್ಸಿನ ಪ್ಲಾನ್ ಹಾಕಿದವರು ನನ್ನ ಫ್ರೆಂಡ್ ಲಿಸ್ಟಿನಲ್ಲೇ ಇದ್ದಾರೆ. ಹೆಸರು ಹೇಳುವುದಿಲ್ಲ, ನಿನ್ನ ಅಮ್ಮನಿಗೆ ಈ ಪೋಸ್ಟ್ ಕಳಿಸುತ್ತೇನೆ, ಅಷ್ಟೇ.

ಐದು ಸ್ಟಾರ್ ಕೊಟ್ಟು ಬಂದಿದ್ದೇನೆ. ನಡೆದದ್ದನ್ನು ನಡೆದ ಹಾಗೆ ಬರೆದಿದ್ದೇನೆ. ಆ ಕಡೆ ಹೋಗುವವರು ಇದ್ದರೆ ಇನ್‌ಬಾಕ್ಸಿಗೆ ಬನ್ನಿ, ಅವನನ್ನು ಹುಡುಕುವುದು ಹೇಗೆಂದು ಹೇಳುತ್ತೇನೆ. ದೊಡ್ಡ ಜಲಪಾತ ತೋರಿಸುತ್ತಾನೆ ಎಂಬ ಗ್ಯಾರಂಟಿ ಕೊಡುವುದಿಲ್ಲ.

ಇದನ್ನು ಬರೆಯುತ್ತಿರುವಾಗ ಅಣ್ಣನ ಮಗನ ಫೋನ್. ಭಾನುವಾರ ಫ್ರೆಂಡ್ಸ್ ಜೊತೆ ಒಂದು ಫಾಲ್ಸಿಗೆ ಹೊರಟಿದ್ದಾರೆ, ಪ್ರವೇಶ ನಿಷೇಧದ ಬೋರ್ಡ್ ಹಾಕಿದ್ದಾರಂತೆ. “ಅತ್ತೆ, ಅಲ್ಲಿನ ಗಾರ್ಡ್ ನಿಮಗೆ ಪರಿಚಯ ಅಲ್ವಾ? ಒಂದು ಮಾತು ಹೇಳ್ತೀರಾ?”

ಪರಿಚಯ ಉಂಟು. ಅವರ ಮಗಳ ಎಜುಕೇಶನ್ ಲೋನ್ ಮಾಡಿಕೊಟ್ಟದ್ದೇ ನಾನು. ಆಗುವುದಿಲ್ಲ ಎಂದೆ. ಫೋನ್ ಇಟ್ಟ ಮೇಲೆ ಗಾರ್ಡಿಗೆ ಫೋನ್ ಮಾಡಿ, ಬೈಕಿನ ನಂಬರ್ ಕೂಡ ಕೊಟ್ಟೆ.