ಮಧ್ಯಂತರದಲ್ಲಿ ಸೋತವರೇ ಗೆದ್ದಿದ್ದಾರಲ್ಲ!

ಮಧ್ಯಂತರ ಚುನಾವಣೆಯಲ್ಲಿ ಪೆಟ್ಟು ತಿಂದ ಅಮೆರಿಕದ ಅಧ್ಯಕ್ಷರು ಎರಡನೇ ಸಲ ಗೆಲ್ಲುವುದು ಕಷ್ಟ ಎಂದು ಲೇಖನವೊಂದರಲ್ಲಿ ಓದಿದೆ. ನನಗೇನೋ ಲೆಕ್ಕ ತಾಳೆಯಾಗುತ್ತಿಲ್ಲ. (ನಮ್ಮಲ್ಲಿ ಮಧ್ಯಂತರ ಅಂದರೆ ಸರ್ಕಾರ ಬಿದ್ದಾಗ ಬರುವ ಚುನಾವಣೆ. ಅಲ್ಲಿ ಹಾಗಲ್ಲ, ಅಧ್ಯಕ್ಷರ ನಾಲ್ಕು ವರ್ಷದ ನಡುವೆ ಸಂಸತ್ತಿಗೆ ತಪ್ಪದೆ ಬರುತ್ತದೆ.)

1994 ನೋಡಿ. ಕ್ಲಿಂಟನ್ ಪಕ್ಷ ಕೆಳಮನೆಯಲ್ಲಿ ಐವತ್ತಕ್ಕೂ ಜಾಸ್ತಿ ಸೀಟು ಕಳೆದುಕೊಂಡಿತು. ಅದೇ ಪಕ್ಷದ ಸ್ಪೀಕರ್ ಟಾಮ್ ಫೋಲಿ ಸ್ವಂತ ಕ್ಷೇತ್ರದಲ್ಲೇ ಸೋತರು. ಕ್ಲಿಂಟನ್ ಕಥೆ ಮುಗಿಯಿತು ಅಂತಲೇ ಎಷ್ಟೋ ಜನ ಅಂದುಕೊಂಡಿದ್ದರು. ಆದರೆ ಎದುರು ಪಕ್ಷದ ಹೊಸ ಸ್ಪೀಕರ್ ನ್ಯೂಟ್ ಗಿಂಗ್ರಿಚ್ ಬಜೆಟ್ ಜಗಳ ತೆಗೆದರು. ಖರ್ಚಿಗೆ ಒಪ್ಪಿಗೆ ಸಿಗದೆ 1995ರ ನವೆಂಬರಿನಲ್ಲಿ ಸರ್ಕಾರಿ ಕಚೇರಿಗಳಿಗೆ ಬೀಗ ಬಿತ್ತು. ಅದೇ ಹೊತ್ತಿಗೆ, ಇಸ್ರೇಲಿನ ಪ್ರಧಾನಿ ರಬಿನ್ ಅಂತ್ಯಕ್ರಿಯೆಯಿಂದ ಬರುವಾಗ ತಮ್ಮನ್ನು ಅಧ್ಯಕ್ಷರ ವಿಮಾನದ ಹಿಂಬಾಗಿಲಿನಿಂದ ಇಳಿಸಿದರು ಅಂತ ಗಿಂಗ್ರಿಚ್ ಗೊಣಗಿದರು. ನ್ಯೂಯಾರ್ಕಿನ ಪತ್ರಿಕೆಯೊಂದು ಡೈಪರ್ ಹಾಕಿದ ಅಳುಬುರುಕ ಮಗುವಿನ ಹಾಗೆ ಅವರ ಚಿತ್ರ ಬರೆದು ಮುಖಪುಟಕ್ಕೆ ಹಾಕಿತು! ಮುಂದೆ ಮತ್ತೊಂದು ಬೀಗ, ಈ ಸಲ 21 ದಿನ. ಜನ ಬೈದದ್ದು ಗಿಂಗ್ರಿಚ್ ಕಡೆಯವರನ್ನೇ ಜಾಸ್ತಿ. 1996ರಲ್ಲಿ ಕ್ಲಿಂಟನ್ ಆರಾಮಾಗಿ ಗೆದ್ದರು.

ಒಬಾಮಾ 2010ರಲ್ಲಿ 63 ಸೀಟು ಕಳೆದುಕೊಂಡು 2012ರಲ್ಲಿ ಗೆದ್ದರು. ರೇಗನ್ ಕೂಡ 1982ರಲ್ಲಿ ಏಟು ತಿಂದಿದ್ದರು, ಆಗ ನಿರುದ್ಯೋಗ ಶೇ 10 ದಾಟಿತ್ತು. ಕೆಲಸಗಳು ವಾಪಸ್ ಬಂದವು, 1984ರಲ್ಲಿ 49 ರಾಜ್ಯ ಅವರದಾಯಿತು. ಉಲ್ಟಾ ಉದಾಹರಣೆ ದೊಡ್ಡ ಬುಷ್ (ಅಪ್ಪ). 1990ರಲ್ಲಿ ಹೋದದ್ದು ಬೆರಳೆಣಿಕೆಯ ಸೀಟು, 1992ರಲ್ಲಿ ಕುರ್ಚಿಯೇ ಹೋಯಿತು.

2018ರ ಮಧ್ಯಂತರದಲ್ಲಿ ಕೆಳಮನೆ ಕಳೆದುಕೊಂಡ ಟ್ರಂಪ್ 2020ರಲ್ಲೂ ಸೋತರು, ನಿಜ. ಆದರೆ ನಡುವೆ ಕೋವಿಡ್ ಬಂದಿತ್ತಲ್ವಾ?