ಬಾಯಲ್ಲಿ ಹೇಳಿ, ಬರೆಯಬೇಡಿ

ಸರ್ಕಾರಿ ಕೆಲಸಕ್ಕೆ ಸೇರಿ ನಾಲ್ಕನೇ ವರ್ಷ. ಒಂದು ಬಿಲ್ಲಿನ ಕಡತ ನನ್ನ ಟೇಬಲ್ಲಿಗೆ ಬಂತು. ಬಂದ ಸಾಮಾನಿನ ಲೆಕ್ಕಕ್ಕೂ ದಾಸ್ತಾನು ಪುಸ್ತಕಕ್ಕೂ ಸರಿಹೊಂದುತ್ತಿರಲಿಲ್ಲ. ಟಿಪ್ಪಣಿಯಲ್ಲಿ ಒಂದೇ ಸಾಲು ಬರೆದೆ: "ಬಿಲ್ಲಿಗೂ ದಾಸ್ತಾನಿಗೂ ತಾಳೆಯಾಗುತ್ತಿಲ್ಲ, ಪರಿಶೀಲಿಸಬಹುದು."

ಸಂಜೆ ಸಾಹೇಬರು ಕರೆದರು. ಬೈಯಲಿಲ್ಲ, ಕೂರಿಸಿ ಮಾತಾಡಿದರು. "ನೋಡಮ್ಮ, ಇಂಥದ್ದನ್ನ ಬಾಯಲ್ಲಿ ಹೇಳಿದ್ರೆ ಸಾಕಲ್ವಾ? ಬರೆಯೋದ್ಯಾಕೆ? ನಮ್ಮ ಆಫೀಸಿನ ಮರ್ಯಾದೆ ನಾವೇ ಉಳಿಸ್ಕೋಬೇಕು." ಆ ಹಾಳೆ ಬಿಚ್ಚಿ ಡ್ರಾಯರಿನಲ್ಲಿಟ್ಟರು. ಹೊಸ ಹಾಳೆ ಮುಂದಿಟ್ಟು, ತಮ್ಮದೇ ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. ಬರೆದೆ. ಆ ಒಂದು ಸಾಲು ಬಿಟ್ಟು ಮಿಕ್ಕಿದ್ದೆಲ್ಲ.

ಇದು ಈಗ ಯಾಕೆ ನೆನಪಾಯ್ತು ಅಂದ್ರೆ, ಪರಿಚಯದ ಒಬ್ಬ ಸರ್ಕಾರಿ ನೌಕರರಿಗೆ ಇಲಾಖೆಯಿಂದ ನೋಟಿಸ್ ಬಂದಿದೆ. ವಾಟ್ಸಾಪ್ ಗುಂಪಿನಲ್ಲಿ ಯಾರೋ ಕಳಿಸಿದ ಕಾರ್ಟೂನನ್ನು ಮುಂದಕ್ಕೆ ಕಳಿಸಿದ್ದು ತಪ್ಪಂತೆ. ಅದಕ್ಕಿಂತ ನನಗೆ ಚುಚ್ಚಿದ್ದು ಸಹೋದ್ಯೋಗಿಗಳ ಮಾತು. "ಉಂಡ ಮನೆಗೆ ಎರಡು ಬಗೆದರೆ ಇನ್ನೇನಾಗುತ್ತೆ?"

ಗಾದೆ ಸರಿ. ಆದರೆ ನಾವು ಉಂಡಿದ್ದು ಯಾರ ಮನೆಯಲ್ಲಿ? ಸಾಹೇಬರ ಮನೆಯಲ್ಲಲ್ಲ, ಮಂತ್ರಿಯ ಮನೆಯಲ್ಲೂ ಅಲ್ಲ. ಬೆಂಕಿಪೊಟ್ಟಣ ಕೊಂಡವರೂ ತೆರಿಗೆ ಕಟ್ಟಿದ್ದಾರೆ, ಆ ದುಡ್ಡಲ್ಲಿ ನಮ್ಮ ಸಂಬಳ. ಆ ಮನೆಗೆ ಎರಡು ಬಗೆದವಳು ನಾನು. ಸಾಲು ಬರೆದ ಮಧ್ಯಾಹ್ನ ಅಲ್ಲ, ಅಳಿಸಿದ ಸಂಜೆ.

ನೌಕರ ಬಾಯಿ ಮುಚ್ಚಿಕೊಂಡಿರಬೇಕು ಅನ್ನುವ ವಾದ ಹಳೆಯದು. 1892ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ರಾಜಕೀಯ ಮಾಡಿದನೆಂದು ಕೆಲಸ ಕಳೆದುಕೊಂಡ ಪೊಲೀಸನೊಬ್ಬ ಕೋರ್ಟಿಗೆ ಹೋದ. ನ್ಯಾಯಾಧೀಶ ಹೋಮ್ಸ್ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ರಾಜಕೀಯ ಮಾತಾಡುವ ಹಕ್ಕು ನಿನಗಿರಬಹುದು, ಪೊಲೀಸನಾಗಿರುವ ಹಕ್ಕು ಇಲ್ಲ. ಕೇಳೋಕೆ ಚೆನ್ನಾಗಿದೆ. ಬೇಕಾದ್ರೆ ಮಾತಾಡು, ಮನೆಗೆ ಹೋಗಿ ಮಾತಾಡು, ವಾಪಸ್ ಬರಬೇಡ ಅಂದ ಹಾಗೆ.

ಅದು ಬದಲಾಗಲು ಮುಕ್ಕಾಲು ಶತಮಾನ ಬೇಕಾಯ್ತು. ಅಮೆರಿಕದ್ದೇ ಇಲಿನಾಯ್ ರಾಜ್ಯದಲ್ಲಿ ಪಿಕರಿಂಗ್ ಅನ್ನುವ ಮೇಷ್ಟ್ರು ಪತ್ರಿಕೆಗೆ ಒಂದು ಪತ್ರ ಬರೆದರು. ಶಾಲಾ ಮಂಡಳಿ ಪಾಠಕ್ಕಿಂತ ಆಟೋಟಕ್ಕೆ ದುಡ್ಡು ಸುರಿಯುತ್ತಿದೆ ಅಂತ ಅವರ ದೂರು. ಮಂಡಳಿ ಅವರನ್ನು ಮನೆಗೆ ಕಳಿಸಿತು. 1968ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮೇಷ್ಟ್ರ ಪರ ನಿಂತಿತು. ಪತ್ರದಲ್ಲಿ ಕೆಲವು ತಪ್ಪು ಮಾಹಿತಿಯೂ ಇತ್ತು, ಆದರೂ ಕೋರ್ಟ್ ಬಿಟ್ಟುಕೊಡಲಿಲ್ಲ. ಬೇಕಂತ ಸುಳ್ಳು ಬರೆದದ್ದಲ್ಲ ತಾನೆ? ಶಾಲೆಯ ದುಡ್ಡು ಎಲ್ಲಿ ಹೋಗುತ್ತೆ ಅಂತ ಅಲ್ಲಿ ಪಾಠ ಮಾಡುವವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತೆ?

ಇಷ್ಟಕ್ಕೇ ನಿಂತಿದ್ದರೆ ನಾನು ಖುಷಿಯಾಗಿರುತ್ತಿದ್ದೆ. 2006ರಲ್ಲಿ ಅದೇ ಕೋರ್ಟಿಗೆ ಲಾಸ್ ಏಂಜಲೀಸ್‌ನ ಸರ್ಕಾರಿ ವಕೀಲ ಸೆಬಾಯೋಸ್ ಬಂದರು. ಶೋಧನಾ ವಾರಂಟ್ ಪಡೆಯಲು ಪೊಲೀಸರು ಕೊಟ್ಟ ಪ್ರಮಾಣಪತ್ರದಲ್ಲಿ ಸುಳ್ಳಿದೆ ಅಂತ ಅವರು ಮೇಲಧಿಕಾರಿಗೆ ಟಿಪ್ಪಣಿ ಬರೆದಿದ್ದರು. ಪತ್ರಿಕೆಗಲ್ಲ, ಟಿವಿಗಲ್ಲ, ಆಫೀಸಿನ ಒಳಗೇ. ಆಮೇಲೆ ವರ್ಗಾವಣೆ ಆಯ್ತು, ಬಡ್ತಿ ತಪ್ಪಿತು ಅಂತ ಅವರ ದೂರು. ಐದಕ್ಕೆ ನಾಲ್ಕು ಮತದಲ್ಲಿ ಕೋರ್ಟ್ ಹೇಳಿತು: ಕೆಲಸದ ಭಾಗವಾಗಿ ಬರೆದದ್ದಕ್ಕೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಇಲ್ಲ.

ಇದನ್ನು ಓದಿದಾಗ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಊರಿಗೆಲ್ಲ ಕೇಳುವ ಹಾಗೆ ಕೂಗಿದರೆ ರಕ್ಷಣೆ ಸಿಗಬಹುದು. ಕಡತದಲ್ಲಿ ಮೆಲ್ಲಗೆ ಬರೆದರೆ ಇಲ್ಲ. ನಿಯತ್ತಿನವರು ಹಿಡಿಯುವ ದಾರಿ ಎರಡನೆಯದೇ ಅಲ್ವಾ? ಮೊದಲು ಒಳಗೆ ಹೇಳೋಣ, ಸರಿಹೋಗಲಿ ಅಂತ. ಹಾಗೆ ಹೇಳಿದವರಿಗೇ ಪೆಟ್ಟು ಬಿದ್ದರೆ ಉಳಿದವರು ಸುಮ್ನೆ ಇರೋದು ಕಲಿಯುತ್ತಾರೆ, ಇಲ್ಲಾಂದ್ರೆ ಕದ್ದು ಹೊರಗೆ ಕೊಡೋದು ಕಲಿಯುತ್ತಾರೆ. ಆಮೇಲೆ "ಮಾಹಿತಿ ಸೋರಿಕೆ" ಅಂತ ಇಲಾಖೆಯೇ ಬಾಯಿ ಬಡಿದುಕೊಳ್ಳುತ್ತೆ.

ಹಾಗಂತ ಏನು ಬೇಕಾದ್ರೂ ಹೇಳಬಹುದು ಅಂತಲ್ಲ. ಕೌಂಟರಿನಲ್ಲಿ ಪಕ್ಷದ ಬ್ಯಾಡ್ಜ್ ಹಾಕಿ ಕೂತವರ ಹತ್ತಿರ ಅರ್ಜಿ ಕೊಡೋಕೆ ನನಗೂ ಹಿಂಜರಿಕೆ. ಅರ್ಜಿದಾರರ ಗುಟ್ಟು, ಟೆಂಡರಿನ ಗುಟ್ಟು ಬಯಲು ಮಾಡುವುದು ತಪ್ಪು. ಮಾತಿಲ್ಲ.

ಆಸ್ಟ್ರೇಲಿಯಾದ ಬ್ಯಾನರ್ಜಿ ಪ್ರಕರಣದಲ್ಲಿ ಮಾತ್ರ ನನ್ನ ಮನಸ್ಸು ಇನ್ನೂ ಅತ್ತಿತ್ತ. ವಲಸೆ ಇಲಾಖೆಯ ಈ ನೌಕರೆ ತನ್ನ ಹೆಸರು ಹಾಕದೆ 9,000ಕ್ಕೂ ಹೆಚ್ಚು ಟ್ವೀಟ್ ಮಾಡಿದ್ದರು. ಅದರಲ್ಲಿ ತನ್ನದೇ ಇಲಾಖೆಯ ಮೇಲೆ ಟೀಕೆಯೂ ಇತ್ತು. 2013ರಲ್ಲಿ ಕೆಲಸ ಹೋಯ್ತು. 2019ರಲ್ಲಿ ಅಲ್ಲಿನ ಹೈಕೋರ್ಟ್, ಅಂದರೆ ಆ ದೇಶದ ಅತಿ ದೊಡ್ಡ ಕೋರ್ಟ್, ಸರ್ಕಾರದ ಪರ ತೀರ್ಪು ಕೊಟ್ಟಿತು. 9,000 ಜಾಸ್ತಿ ಆಯ್ತು ಅನಿಸುತ್ತೆ. ಆದರೆ ಹೆಸರೇ ಇಲ್ಲದ ಖಾತೆಯಿಂದ ಇಲಾಖೆಯ ಮಾನ ಹೇಗೆ ಹೋಯ್ತು? ಅದು ಇವತ್ತಿಗೂ ನನಗೆ ಅರ್ಥವಾಗಿಲ್ಲ.

ನಮ್ಮ ದೇಶದಲ್ಲೇ, ತ್ರಿಪುರಾದಲ್ಲಿ, ನಿವೃತ್ತಿಗೆ ಕೆಲವೇ ದಿನ ಇದ್ದಾಗ ಒಬ್ಬ ನೌಕರೆಯನ್ನು ಅಮಾನತು ಮಾಡಿದ್ದರು. ರಾಜಕೀಯ ಸಭೆಗೆ ಹೋದರು, ಫೇಸ್‌ಬುಕ್ಕಿನಲ್ಲಿ ಬರೆದರು ಅನ್ನುವುದು ಆರೋಪ. ಸರ್ಕಾರಿ ನೌಕರರಿಗೂ ಮಾತಿನ ಹಕ್ಕಿದೆ, ನಡತೆ ನಿಯಮದ ಮಿತಿಯೊಳಗೆ, ಅಂತ 2020ರಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು. ನೋಟಿಸ್ ಬಂದ ಗೆಳೆಯರಿಗೆ ಆ ತೀರ್ಪನ್ನು ಕಳಿಸಿದ್ದೇನೆ. ಅವರು ಓದಿದ್ದಾರೆ, ಎರಡು ನೀಲಿ ಗೆರೆ ಕಾಣುತ್ತಿದೆ. ಉತ್ತರ ಬಂದಿಲ್ಲ. ಭಯ ಇರಬೇಕು.

ಆ ಬಿಲ್ಲಿನ ಕಥೆ ಅರ್ಧಕ್ಕೆ ನಿಲ್ಲಿಸಿದೆ. ಎರಡು ವರ್ಷದ ಮೇಲೆ ಆಡಿಟ್‌ನವರು ಅದೇ ಬಿಲ್ಲಿಗೆ ಆಕ್ಷೇಪಣೆ ಹಾಕಿದರು. ಸಾಹೇಬರು ಅಷ್ಟರಲ್ಲಿ ಬೇರೆ ಕಡೆಗೆ ವರ್ಗವಾಗಿದ್ದರು. ಕಡತದಲ್ಲಿ ಇದ್ದದ್ದು ನನ್ನ ಕೈಬರಹ, ನನ್ನ ಸಹಿ. "ದಾಸ್ತಾನಿನ ವ್ಯತ್ಯಾಸವನ್ನು ಆಗಲೇ ಏಕೆ ಗಮನಕ್ಕೆ ತರಲಿಲ್ಲ?" ಅಂತ ನನಗೆ ಮೆಮೊ ಬಂತು.

"ಕಣ್ತಪ್ಪಿನಿಂದ ಆಗಿದೆ" ಅಂತ ಉತ್ತರ ಬರೆದುಕೊಟ್ಟೆ.