ಎಚ್ಚರವಾಯ್ತೋ, ಎದ್ದೆನೋ?

ಇಂಗ್ಲಿಷಿನ 'ವೇಕ್ ಅಪ್' ಇದೆಯಲ್ಲ, ಅದನ್ನು ಸ್ಪ್ಯಾನಿಷ್‌ಗೆ ತರಲು ಹೋಗಿ ನನ್ನ ತಲೆ ಕೆಟ್ಟಿದೆ. ಕಣ್ಣು ಬಿಟ್ಟರೆ 'ದೆಸ್ಪೆರ್ತಾರ್ಸೆ', ಹಾಸಿಗೆ ಬಿಟ್ಟರೆ 'ಲೆವಾಂತಾರ್ಸೆ'. ಇಷ್ಟೇ ಆಗಿದ್ದರೆ ಸುಮ್ನಿರ್ತಿದ್ದೆ, ಕನ್ನಡದಲ್ಲೂ ಎಚ್ಚರವಾಗೋದು ಬೇರೆ, ಏಳೋದು ಬೇರೆ ಅಲ್ವಾ. ಕಾಟ ಇರೋದು 'ನನ್ನನ್ನೇ' ಅನ್ನೋ ಅರ್ಥದ ಆ ಪುಟ್ಟ 'ಮೆ' ಕಡೆಯಿಂದ.

'ಮೆ ದೆಸ್ಪೆರ್ತೆ ಆ ಲಾಸ್ ಸೇಯ್ಸ್' ಅಂದರೆ ಆರಕ್ಕೆ ನನಗೆ ಎಚ್ಚರವಾಯಿತು. 'ದೆಸ್ಪೆರ್ತೆ ಆ ಮಿ ಎರ್ಮಾನೊ' ಅಂದರೆ ನಾನು ತಮ್ಮನನ್ನು ಎಬ್ಬಿಸಿದೆ. ಸರಿ, ನಮಗೆ ಹೇಗೆ ಏಳು-ಎಬ್ಬಿಸು ಇದೆಯೋ ಅವರಿಗೆ ಹಾಗೆ ಈ 'ಮೆ' ಅಂತ ವಾರಗಟ್ಟಲೆ ಬಾಯಿಪಾಠ ಮಾಡಿಕೊಂಡೆ, ಆಮೇಲೆ ನೋಡಿದರೆ 'ಮೆ' ಇಲ್ಲದ 'ದೆಸ್ಪೆರ್ತೆ ಆ ಲಾಸ್ ಸೇಯ್ಸ್' ಕೂಡ ಸರಿಯಂತೆ! ನಾನೇನು ಆರು ಗಂಟೆಯನ್ನು ಎಬ್ಬಿಸಿದೆನಾ?

ಅದೇ ಧೈರ್ಯದಲ್ಲಿ 'ಮೆ' ಬಿಟ್ಟು ಬರೀ 'ಲೆವಾಂತೆ' ಅಂದೆ. ಅದು ತಪ್ಪು. ಅದಕ್ಕೆ ಏನನ್ನೋ ಎತ್ತಿದೆ ಅನ್ನೋ ಅರ್ಥ, ಕುರ್ಚಿಯನ್ನೋ ಕೈಯನ್ನೋ.

ಇನ್ನು ಎಚ್ಚರವಾಗಿದ್ದೇನೆ ಅನ್ನೋಕೆ 'ದೆಸ್ಪೆರ್ತಾದೊ' ಅನ್ನೋ ಹಾಗಿಲ್ಲ, 'ಎಸ್ತೋಯ್ ದೆಸ್ಪಿಯೆರ್ತೊ' ಅನ್ನಬೇಕು. ಒಂದೇ ಒಂದು ಸಮಾಧಾನ, ಬೆಳಗ್ಗೆ ಬೇಗ ಏಳೋದಕ್ಕೆ ಒಂದೇ ಪದ ಇದೆ: 'ಮದ್ರುಗಾರ್'. ಅದಕ್ಕೆ 'ಮೆ' ಬೇಡ. ಆದರೆ ಬೇಗ ಏಳೋದು ಯಾರು?